ಒಂದೇ ಬೆಡಗಿನವರು

ಪಾಲಯ್ಯನವರ ಅಂದಿನ ಫಜೀತಿಗೆಲ್ಲ ಮೂಲ, ಅವರು ಸಣ್ಣದೊಂದು ನಳಿಕೆಗೆ ಉಗುಳಿದ್ದು.

ಹೆಂಡತಿ ತೀರಿಕೊಂಡ ಮೇಲೆ ಭರಮಸಾಗರದ ಆ ಮನೆಯಲ್ಲಿ ಅವರೊಡನೆ ದನಿಯೆತ್ತುತ್ತಿದ್ದುದು ಕುಕ್ಕರೊಂದೇ. ಎದುರುಮನೆಯ ವಿಧವೆ ಏಕನಾಥಮ್ಮನವರು ಸಂಜೆ ಇವರ ಜಗಲಿಗೆ ಬಂದು, "ಅಣ್ಣಾ, ಉಂಡ್ಯಾ?" ಎಂದಾಗ ಮಾತ್ರ ಮನೆಗೆ ಜೀವ ಬರುತ್ತಿತ್ತು. ಆಕೆಯನ್ನು ಮದುವೆಯಾಗಬೇಕೆಂಬುದು ಪಾಲಯ್ಯನವರ ಗುಟ್ಟಿನ ಆಸೆ. ಆದರೆ ಹುಟ್ಟಿನಿಂದ ಇಬ್ಬರದೂ ಒಂದೇ ಬೆಡಗು, ಅಂದರೆ ಕುಲದ ಒಂದೇ ಕವಲು. ಒಂದೇ ಬೆಡಗಿನವರು ಅಣ್ಣತಂಗಿಯರ ಸಮಾನ. ಅವರೊಳಗೆ ಮದುವೆ ಕೂಡದು.

ದಾರಿ ತೋರಿಸಿದವನು ಔಷಧಿ ಅಂಗಡಿಯ ಲಕ್ಷ್ಮೀಕಾಂತ್. "ಡಿಎನ್‌ಎ ಪರೀಕ್ಷೆ ಮಾಡ್ಸಿ. ಉಗುಳಿನಾಗೆ ಏಳು ತಲೆಮಾರು ಕಾಣ್ತಾವೆ, ಸಾರ್!"

"ನಮ್ಮಿಬ್ಬರ ರಕ್ತ ಒಂದೇನಾ ನೋಡಾಣ" ಎಂದಷ್ಟೇ ಪಾಲಯ್ಯನವರು ಏಕನಾಥಮ್ಮನವರಿಗೆ ಹೇಳಿದರು. ಆಕೆ ಹಿಗ್ಗಿನಿಂದಲೇ ಉಗುಳಿಕೊಟ್ಟರು.

ಫಲಿತಾಂಶ ಬಂದ ಬೆಳಿಗ್ಗೆ ಪಾಲಯ್ಯನವರಿಗಿಂತ ಮೊದಲೇ ಅರ್ಧ ಬೀದಿ ಅಂಗಡಿಯ ಮುಂದಿತ್ತು.

"ಏನು ಕಾಯಿಲೆನಪ್ಪ?" ಎಂದರು ನೆರೆಮನೆಯ ಈರಕ್ಕ.

"ಕಾಯಿಲೆ ಅಲ್ಲವ್ವ, ಸಂಬಂಧ" ಎಂದ ಲಕ್ಷ್ಮೀಕಾಂತ್.

"ಅಯ್ಯೋ, ಅದಕ್ಕೆ ಔಷಧಿ ಇಲ್ಲ ಬಿಡು!"

ಬೆಡಗಿನ ಹಿರಿಯ ರೇವಣಸಿದ್ದಪ್ಪನವರು ಕೋಲು ಕುಟ್ಟಿದರು. "ಲೇ ಪಾಲಯ್ಯ, ನಮ್ಮ ಬೆಡಗು ಹೇಳಾಕೆ ನಾನು ಬದುಕಿಲ್ವೇನೋ? ಬಾಟ್ಲಿ ಹೇಳ್ಬೇಕಾ?"

ಲಕ್ಷ್ಮೀಕಾಂತ್ ಮೊಬೈಲ್ ನೋಡಿ ಘೋಷಿಸಿದ: "ರಕ್ತಸಂಬಂಧ ಒಂಚೂರೂ ಇಲ್ಲ!"

ಪಾಲಯ್ಯನವರು ಅಳುಕುತ್ತ ಮದುವೆಯ ಮಾತೆತ್ತಿದರು. ರೇವಣಸಿದ್ದಪ್ಪನವರು ಕಹಿ ಕಷಾಯ ನುಂಗಿದವರಂತೆ ಮುಖ ಮಾಡಿದರು. "ಹಂಗಾರೆ ಇಬ್ರಾಗೆ ಒಬ್ರು ನಮ್ಮೋರಲ್ಲ. ಯಾರಂತ ಕೆದಕೋದು ಬ್ಯಾಡ. ಆಗ್ರಿ, ಹೋಗ್ರಿ."

ಪಾಲಯ್ಯನವರು ಓಡಿದರು, ಕುರಿಮಂದೆಯಂತೆ ಬೀದಿಯೂ ಹಿಂದೆಯೇ ಓಡಿತು.

"ಏಕನಾಥಮ್ಮ, ನಾವಿಬ್ರೂ ಒಬ್ರಿಗೊಬ್ರು ಏನೂ ಆಗಬೇಕಿಲ್ಲವಂತೆ!"

ಬಾಗಿಲಲ್ಲಿ ನಿಂತಿದ್ದ ಆಕೆಯ ಮುಖ ಬಾಡಿತು. "ಒಡಹುಟ್ಟಿದೋರಿಲ್ಲದೋಳು ನಾನು. ನಿಜವಾದ ಅಣ್ಣ ಸಿಕ್ತಾನೆ ಅಂತ ಉಗುಳಿದ್ದೆ." ಸೆರಗನ್ನು ತಲೆಗೆಳೆದುಕೊಂಡರು. "ಪರ ಗಂಡಸರ ಜಗಲಿಗೆ ಇನ್ನು ಬರಾಕಾಗಲ್ಲ ರೀ."

"ಮದುವೆಯಾದ್ರೆ ಬರಬಹುದಲ್ಲ?"

"ಅಣ್ಣ ಅಂದ ಬಾಯಾಗೆ ಗಂಡ ಅನ್ನಾಕೆ ಆಗ್ತೈತಾ?"

ಬಾಗಿಲು ಮುಚ್ಚಿತು. ಬೀದಿ ಮೆಲ್ಲನೆ ಕರಗಿತು. ಉಳಿದಿದ್ದ ಲಕ್ಷ್ಮೀಕಾಂತನ ತೋಳು ಹಿಡಿದು ಪಾಲಯ್ಯನವರು ದನಿ ತಗ್ಗಿಸಿ ಕೇಳಿದರು:

"ಇನ್ನೊಂದು ಸಲ ಉಗುಳಿದ್ರೆ... ತಂಗಿ ಅಂತಾದ್ರೂ ಬರಾಕಿಲ್ವೇನಪ್ಪ?"