ಕೌದಿಯ ನಡುವಿನ ಚೌಕ

ಹಿಟ್ನಾಳದ ಟೇಲರ್ ಓಬಳೆಪ್ಪ ಎಳೆಗೂಸು ಮಗಳ ತೊಟ್ಟಿಲ ಶಾಸ್ತ್ರಕ್ಕೆಂದು ಇರಕಲ್ಲಗಡದ ಅತ್ತೆಮನೆಗೆ ಬಂದಿದ್ದ. ಉಟ್ಟ ಧೋತರ ಬಿಟ್ಟರೆ ಬೇರೆ ತಂದಿರಲಿಲ್ಲ. ಸಂಜೆ ಬಸ್ಸಿಗೆ ಹೊರಡುವವನಿಗೆ ಇನ್ನೊಂದು ಯಾತಕ್ಕೆ? ಹೊಸ್ತಿಲು ದಾಟಿದ್ದೇ ತಡ, ಅತ್ತೆ ಪಕೀರಮ್ಮ ಮನೆಯವರು, ಬೀಗರು, ನೆರೆಯವರು ಕೊಟ್ಟ ಹಳೇ ಬಟ್ಟೆಯ ಗಂಟು ಮುಂದಿಟ್ಟಳು.

"ಕೂಸಿನ ಕೌದಿ ಆಗಿಲ್ರಿ. ಟೇಲರ್ ಅಳಿಯ ಇದ್ದು ಮಂದಿ ಕೈಲೆ ಹೊಲಿಸಲೇನು?"

ಒಳಗಿನಿಂದ ಬಾಣಂತಿ ಹೆಂಡತಿ ಪಾರ್ವತೆಮ್ಮ ಮೆಲ್ಲಗೆ ಕರೆದಳು. "ಏನರ ಮಾಡ್ರಿ, ಇವತ್ತ ಯಾರೂ ಸಿಟ್ಟಾಗಿ ಎದ್ದು ಹೋಗಬಾರದು. ನನ್ನ ಕೂಸಿಗೆ ಹೆಸರಿಡೂ ದಿನಾ ಐತಿ."

ಆ ಸೊರಗಿದ ಮುಖ ಕಂಡು ಓಬಳೆಪ್ಪನ ಜೀವ ಚುರ್ ಎಂದಿತು. "ಹ್ಞೂಂ" ಎಂದ.

ಅಂಗಳದಲ್ಲಿ ತುಂಡುಗಳನ್ನು ಹರವಿದ. ಅತ್ತೆಯ ಇಳಕಲ್ ಸೀರೆಯ ಚೌಕ ನಡುವೆ ಇಟ್ಟನೋ ಇಲ್ಲವೋ, ಅವನ ಜೊತೆಗೇ ಊರಿಂದ ಬಂದಿದ್ದ ಅವ್ವ ಮಾರೆವ್ವ ಎದುರು ನಿಂತಳು.

"ಎಪ್ಪಾ, ನನ್ನ ಸೀರಿ ಮೂಲ್ಯಾಗೇನ? ಅತ್ತಿ ಮನಿ ಕಂಡ ಕೂಡ್ಲೆ ಅವ್ವನ್ನ ಮರ್ತಿ?"

ಅವ್ವನದು ನಡುವೆ ಬಂತು. ಅತ್ತೆ ಮಾತು ನಿಲ್ಲಿಸಿದಳು. ಅಡಿಗೆಮನೆಯ ಪಾತ್ರೆಗಳು ಶುರುಮಾಡಿದವು. ಅಷ್ಟರಲ್ಲಿ ಮಗ್ಗುಲ ಮನೆಯ ಸರ್ದಾರಬೀ ಇಣುಕಿದಳು. "ಪಾರ್ವತೆಮ್ಮ ಹೆರಿಗಿ ಬ್ಯಾನಿ ತಿನ್ನೂವಾಗ ಕೈ ಹಿಡ್ಕೊಂಡು ಕುಂತಾಕಿ ನಾನ್ರಿ. ನನ್ನ ಓಢಣಿ ಅಂಚಿಗಿ ಹಾಕೀರೆಲ್ಲ!"

ಪಾಪ, ಹಾಸಿ ತೆಗೆದು, ತೆಗೆದು ಹಾಸಿ ಓಬಳೆಪ್ಪನ ಮೊಣಕಾಲು ಸೋತವು. ಕಡೆಗೆ ಮೂವರ ಬಟ್ಟೆಯನ್ನೂ ಪಟ್ಟಿ ಸೀಳಿ, ಕೂಡಿಸಿ ಹೊಲಿದು ಒಂದೇ ಚೌಕ ಮಾಡಿ ನಡುವೆ ಕೂರಿಸಿದ. ಮೂವರೂ ಬಗ್ಗಿ ನೋಡಿ, "ಭಾಳ ಛಲೋ ಆತು" ಎಂದರು.

ಆದರೆ ಕೌದಿಯ ತಳಕ್ಕೆ ಹಚ್ಚಲು ಬಟ್ಟೆಯೇ ಉಳಿಯಲಿಲ್ಲ. ಯಾರನ್ನಾದರೂ ಕೇಳಿದರೆ ಮತ್ತೆ ಜಗಳ! ಓಬಳೆಪ್ಪ ಹಿತ್ತಲಿಗೆ ಹೋಗಿ ಟವೆಲ್ ಸುತ್ತಿಕೊಂಡ. ಉಟ್ಟ ಧೋತರವನ್ನೇ ಬಿಚ್ಚಿ ಹೊಲಿದುಬಿಟ್ಟ. ಆಮೇಲೆ ಬಾಗಿಲ ಮರೆಯಿಂದ ಈಚೆ ಬರಲಿಲ್ಲ.

ಸಂಜೆ ತೊಟ್ಟಿಲಿಗೆ ಹಾಸುವಾಗ ಪಕೀರಮ್ಮ ಕೌದಿಯನ್ನು ಬೋರಲು ತಿರುವಿದಳು. "ಮ್ಯಾಲಿನ ಮಗ್ಗಲಾ ಬರೇ ಹೊಲಿಗಿ, ಎಳೀ ಮೈಗಿ ಒತ್ತತೈತಿ. ಕೂಸು ಈ ಮೆತ್ತನ್ನ ಮಗ್ಗಲದಾಗ ಮಲಗಲಿ."

ದಿನವೆಲ್ಲ ಜಗಳ ಹಚ್ಚಿದ್ದ ಚೌಕ ತೊಟ್ಟಿಲ ತಳ ಸೇರಿತು. ಕೂಸು ಅಪ್ಪನ ಧೋತರಕ್ಕೆ ಕೆನ್ನೆ ಹಚ್ಚಿ ಅಳು ನಿಲ್ಲಿಸಿತು. ಪಾರ್ವತೆಮ್ಮ ಧೋತರದ ಅಂಚು ಗುರುತಿಸಿದಳು, ಬಾಗಿಲ ಮರೆಯ ಗಂಡನನ್ನು ನೋಡಿದಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಓಬಳೆಪ್ಪನಿಗೆ ಎಲ್ಲಿಲ್ಲದ ಹಿಗ್ಗು.

ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿತು. ಗುಟ್ಟು ಹೇಳದೆ ಗತಿಯಿರಲಿಲ್ಲ.

"ಅಯ್ಯ ಶಿವನ! ನಿಮ್ಮ ಮಾವನ ಧೋತರ ಉಟ್ಗೋರಿ," ಎಂದು ಅತ್ತೆ ಪೆಟ್ಟಿಗೆ ತೆರೆದಳು.

"ಹಡದಾಕಿ ಇರೂತನ ಮಂದೀ ಬಟ್ಟಿ ಯಾಕ? ನನ್ನ ಸೀರಿನ ಇಬ್ಬಡಿ ಮಡಚಿ ಉಡ್ತಾನ," ಎಂದಳು ಮಾರೆವ್ವ.

"ತಡೀರಿ, ನಮ್ಮ ಮನ್ಯಾರ ಲುಂಗಿ ತಂದೆ!" ಸರ್ದಾರಬೀ ಓಡಿದಳು.

ಮೂರು ಬಟ್ಟೆ ಮುಂದೆ ಬಂದವು. ಮೂವರೂ ಅವನ ಮುಖವನ್ನೇ ನೋಡುತ್ತ ನಿಂತರು.

"ಯಾರೂ ಸಿಟ್ಟಾಗಬಾರದ್ರಿ, ನೆನಪೈತಿಲ್ಲ?" ಒಳಗಿನಿಂದ ಪಾರ್ವತೆಮ್ಮನ ದನಿ.

ಓಬಳೆಪ್ಪ ಟವೆಲ್ ಬಿಗಿಮಾಡಿಕೊಂಡು ತೊಟ್ಟಿಲ ಪಕ್ಕ ಕೂತ. ಬಸ್ಸು ಹೋಯಿತು.