ಮೈಕಿನ ಮುಖಕ್ಕೆ ವಿಭೂತಿ

ಇಪ್ಪತ್ತು ವರ್ಷದಿಂದ ಕಾಲೇಜಿನ ಗ್ರಂಥಾಲಯದಲ್ಲಿ ಕೂತು ಹುಡುಗರಿಗೆ "ಶ್..." ಎಂದಿದ್ದೇ ಎಂದಿದ್ದು. ಆ ಒಂದು ಅಕ್ಷರಕ್ಕಾಗಿ ಸವೆಯಲು ಹುಟ್ಟಿದ ಕಂಠವಲ್ಲ ನನ್ನದು. (ಇದು ನನ್ನ ಅಭಿಪ್ರಾಯ. ಹೆಂಡತಿಯ ಅಭಿಪ್ರಾಯ ನಾನು ಕೇಳಿಲ್ಲ. ಕೇಳದಿದ್ದರೂ ಅವಳು ಹೇಳುತ್ತಾಳೆ.)

ಆ ಕಂಠವನ್ನು ಕೊನೆಗೂ ಗುರುತಿಸಿದವರು ನಮ್ಮ ಓಣಿಯ ಗುಡಿ ಕಮಿಟಿ ಅಧ್ಯಕ್ಷರು, ಅಕ್ಕಿ ಗಿರಣಿಯ ವಿರೂಪಣ್ಣ. ಒಂದು ಸೋಮವಾರ ಭಜನೆ ಮುಗಿದ ಮೇಲೆ, "ಶ್ರಾವಣದಾಗ ಮುಂಜಾನಿ ಹಚ್ಚಾಕ ನಿಮ್ಮದೊಂದು ಹಾಡು ರಿಕಾರ್ಡ್ ಮಾಡಿ ಕೊಡ್ರಿ ಸರ. ಹಳೇವು ಕೇಳಿ ಕೇಳಿ ದೇವರಿಗೂ ಬ್ಯಾಸರಾಗ್ಯದ" ಅಂದುಬಿಟ್ಟರು. ನಾನು ಅಂದೇ ರಾತ್ರಿ ಮನೆಯ ಅಕ್ಕಿ ಚೀಲದ ಕೋಣೆಗೆ 'ನಾದಮಂದಿರ' ಎಂದು ನಾಮಕರಣ ಮಾಡಿದೆ.

"ಅಕ್ಕಿ ಚೀಲ ಎಲ್ಲಿ ಇಡಲಿ? ನಿಮ್ಮ ತಲಿ ಮ್ಯಾಲೆ?" ಎಂದಳು ಹೆಂಡತಿ ಸುನಂದಾ. ಅವಳು ಮಾನ್ವಿಯಲ್ಲಿ ಶಾಲೆಯ ಟೀಚರ್. ದಿನಾ ಬಸ್ಸಿನಲ್ಲಿ ಹೋಗಿ, ಮೈಕಿಲ್ಲದೆ ಇಡೀ ಮೈದಾನಕ್ಕೆ ಪ್ರಾರ್ಥನೆ ಹೇಳಿಸಿ ಬರುವವಳು. ಸಂಜೆ ಮನೆಗೆ ಬಂದ ಮೇಲೂ ಆ ಮೈದಾನ ಅವಳ ಗಂಟಲಿನಿಂದ ಇಳಿದಿರುವುದಿಲ್ಲ.

ವಾದ ಬೆಳೆದು ಕೊನೆಗೆ ಒಪ್ಪಂದವಾಯಿತು. "ಹಾಡು ಕೇಳಿ ಓಣಿಯವರು ಭಲೆ ಅಂದ್ರ ಕ್ವಾಣಿ ನಿಮ್ಮದು. ಇಲ್ಲಂದ್ರ ಚೀಲ ಒಳಗ, ನೀವು ಹೊರಗ."

ಮೈಕು ಆರಿಸುವುದು ಹೆಣ್ಣು ನೋಡಿದಷ್ಟು ಸುಲಭವಲ್ಲ. ಹೆಣ್ಣಾದರೆ ಹಿರಿಯರು ನೋಡಿ ಮುಗಿಸುತ್ತಾರೆ, ನಾವು ಉಪ್ಪಿಟ್ಟು ತಿಂದು ಬಂದರೆ ಸಾಕು. ಇಲ್ಲಿ ಮೊಬೈಲಿನಲ್ಲಿ ವಾರಗಟ್ಟಲೆ ವಿಡಿಯೋ ನೋಡಿ ಕಣ್ಣು ಉರಿಯಿತು. ತಿಳಿದದ್ದಿಷ್ಟೇ: ಒಂದು ಬಗೆಯ ಮೈಕಿಗೆ ಬಾಯಿ ಹತ್ತಿರ ಹಿಡಿದು ಹಾಡಿದರಷ್ಟೇ ಕೇಳುತ್ತದೆ. ಇನ್ನೊಂದು ಬಗೆ ಕಂಡೆನ್ಸರ್, ಅದಕ್ಕೆ ಸಣ್ಣ ಸಪ್ಪಳವೂ ಕೇಳುತ್ತದೆ.

"ಕಿವುಡಂದೇ ತಗೋರಿ," ಎಂದಳು ಸುನಂದಾ. "ಮನ್ಯಾಗ ಎಲ್ಲಾ ಕೇಳಿಸಿಕೊಳ್ಳಾಕ ನಾ ಒಬ್ಬಾಕಿ ಇದ್ದೀನಲ್ಲ, ಅಷ್ಟು ಸಾಲದೇನು?"

ಅವಳು ಬೇಡವೆಂದ ಮೇಲೆ ಕಂಡೆನ್ಸರೇ ಸರಿ ಎಂದು ನನಗೆ ಖಾತ್ರಿಯಾಯಿತು. ಸತ್ತಾರ್ ಸಾಬರ ಅಂಗಡಿಯಲ್ಲಿ ನಾಲ್ಕು ಮೈಕಿನ ಮುಂದೆ ನಾಲ್ಕು ಸಲ ಆಲಾಪ ಮಾಡಿದೆ. ಸಾಬರು ಹೊಗಳುವುದರಲ್ಲಿ ಎಂದೂ ಹಿಂದೆ ಬಿದ್ದವರಲ್ಲ. "ಇದು ತಗೋರಿ ಸಾರ್, ಇರುವಿ ನಡದ್ರೂ ಕೇಳ್ತದ. ಆದ್ರ ಖಯಾಲ್ ಇರ್ಲಿ, ಇದಕ್ಕ ಒಂದೇ ಮುಖ. ಬೆನ್ನಿನ ಕಡಿ ಹಾಡಿದ್ರ ಬೇಕಾರ್."

ಮನೆಗೆ ಬಂದವನೇ ಪೂಜೆಗೆ ಕೂತೆ. ನಮ್ಮ ಮನೆಯಲ್ಲಿ ಮಿಕ್ಸರಿನಿಂದ ಸ್ಕೂಟರಿನವರೆಗೆ ವಿಭೂತಿ ಬೀಳದೆ ಯಾವುದೂ ಕೆಲಸಕ್ಕೆ ಹತ್ತುವುದಿಲ್ಲ. ಮೈಕಿನ ಒಂದು ಕಡೆ ಕಂಪನಿಯ ಹೆಸರಿತ್ತು, ಇನ್ನೊಂದು ಕಡೆ ನುಣ್ಣಗೆ ಖಾಲಿ. ಹೆಸರಿನ ಮೇಲೆ ಯಾರಾದರೂ ವಿಭೂತಿ ಬಳಿಯುತ್ತಾರೆಯೇ? ಖಾಲಿ ಕಡೆ ಮೂರು ಬೆರಳು ಎಳೆದು, ನಡುವೆ ಕುಂಕುಮ ಇಟ್ಟೆ. ಸಾಕ್ಷಾತ್ ಮುಖ! ಇದಕ್ಕಿಂತ ಮುಖ ಇನ್ನಾವುದು?

ಸುನಂದಾಳ ತವರು ದೇವದುರ್ಗದಿಂದ ಬಂದ ಕೌದಿಗಳನ್ನೆಲ್ಲ ಗೋಡೆಗೆ, ಬಾಗಿಲಿಗೆ ಕಟ್ಟಿದೆ. ಅಡುಗೆಮನೆ ಕಡೆಯ ಸಣ್ಣ ಕಿಟಕಿಯೊಂದನ್ನು ಮಾತ್ರ ಉಸಿರಾಡಲು ಬಿಟ್ಟೆ. ಕಿಟಕಿಯ ಮುಂದೆ ಮೈಕು, ಅದರ ಹೆಸರಿನ ಕಡೆ ಅಡುಗೆಮನೆಗೆ, ವಿಭೂತಿ ಮುಖದ ಎದುರು ನಾನು. ಫ್ಯಾನ್ ಬಂದ್. ರಾಯಚೂರಿನ ಸೆಕೆಯಲ್ಲಿ ಕೌದಿಗಳ ನಡುವೆ ಬೆಂದು, ಎರಡೂ ಕಿವಿಗೆ ಶ್ರುತಿಯ ಇಯರ್‌ಫೋನ್ ತುರುಕಿಕೊಂಡು, ನಾನೇ ಕಟ್ಟಿದ ಶಿವಸ್ತುತಿಯನ್ನು ಹಾಡಿದೆ. ಲ್ಯಾಪ್‌ಟಾಪಿನಲ್ಲಿ ಹಸಿರು ಗೀಟುಗಳು ಎದ್ದೆದ್ದು ಕುಣಿದವು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗಲೂ ಕುಣಿದವು. ನನ್ನ ನಾದ ಕೋಣೆಯಲ್ಲಿ ಇನ್ನೂ ಸುತ್ತುತ್ತಿದೆ ಎಂದು ಪುಳಕಗೊಂಡೆ.

"ಒಮ್ಮಿ ಕೇಳಿ ನೋಡಿ ಕೊಡ್ರಿ," ಎಂದಳು ಸುನಂದಾ.

"ನೈವೇದ್ಯಾನ ಯಾರರ ಮೊದಲ ರುಚಿ ನೋಡ್ತಾರೇನು? ಮೊದಲು ದೇವರು ಕೇಳ್ಲಿ," ಎಂದು ಪೆನ್‌ಡ್ರೈವ್ ಗುಡಿಗೆ ಮುಟ್ಟಿಸಿ ಬಂದೆ.

ಶ್ರಾವಣದ ಮೊದಲ ಸೋಮವಾರ ಮುಂಜಾನೆ ಹೊಸ ಧೋತರ ಉಟ್ಟು ಗುಡಿಯಲ್ಲಿ ನಿಂತೆ. ಗಂಟೆ ಬಾರಿಸಿತು. ಸ್ಪೀಕರಿನಲ್ಲಿ ದೂರದ ಗಿಲ್ಲೆಸುಗೂರಿನ ಕಡೆಯಿಂದ ಯಾರೋ ನರಳಿದಂತೆ ಸಣ್ಣ ದನಿ ಕೇಳಿತು. ಅದು ನಾನು. ಅದರ ಮೇಲೆ, ಪಕ್ಕದಲ್ಲೇ ನಿಂತು ಮಾತಾಡಿದಂತೆ, ನಮ್ಮ ನೆರೆಮನೆಯ ಪಾರ್ವತೆಮ್ಮನ ದನಿ:

"ಟೀಚರ್, ಒಳಗ ಯಾರಿಗರ ಆರಾಮಿಲ್ಲೇನು?"

"ಇಲ್ಲಬೇ, ನಮ್ಮನಿಯವ್ರು ಹಾಡಾಕತ್ತಾರ."

"ಯವ್ವಾ! ಬಾಗಲಿಗೆ ಕೌದಿ ಯಾಕ?"

"ಹೊರಗಿನ ಸಪ್ಪಳ ಒಳಗ ಹೋಗಬಾರದಂತ ಅವರು ಒಂದು ಕಟ್ಟ್ಯಾರ. ಒಳಗಿಂದು ಹೊರಗ ಬರಬಾರದಂತ ನಾ ಇನ್ನೊಂದು ಕಟ್ಟೀನಿ."

"ಗುಡ್ಯಾಗ ಹಚ್ತಾರಂತಲ್ಲ ಇದನ್ನ?"

"ವಿರೂಪಣ್ಣಗ ಏನು ಗೊತ್ತಾಗಬೇಕು? ಗಿರಣಿ ಸಪ್ಪಳದಾಗ ಕುಂತು ಕುಂತು ಕಿವಿ ಹೋಗ್ಯಾವ. ಅದಿರ್ಲಿ, ಪುಂಡಿಪಲ್ಯಾಕ ಜ್ವಾಳದ ನುಚ್ಚು ಹಾಕೀರೇನು? ಬಳ್ಳೊಳ್ಳಿ ಒಗ್ಗರಣಿ ಕಡೀಗೆ ಕೊಡಬೇಕು ನೋಡ್ರಿ..."

ಇಡೀ ಗುಡಿ ವಿರೂಪಣ್ಣನ ಕಡೆ ತಿರುಗಿತು. ವಿರೂಪಣ್ಣ ಕಿವಿಗೆ ಕೈ ಹಚ್ಚಿ ಸ್ಪೀಕರಿನ ಕೆಳಗೆ ಸರಿದು ನಿಂತರು. ನಾನು ಧೋತರ ಎತ್ತಿಕೊಂಡು ಮನೆಗೆ ಓಡಿದೆ. ಆ ಮಧ್ಯಾಹ್ನ ಓಣಿಯ ಎಲ್ಲ ಮನೆಗಳಿಂದಲೂ ಪುಂಡಿಪಲ್ಯದ ವಾಸನೆ ಬಂತು.

ಸಂಜೆ ವಿರೂಪಣ್ಣ ನಮ್ಮ ಮನೆಗೇ ಬಂದರು. ಬೈಗುಳಕ್ಕೆ ಬೆನ್ನು ಕೊಟ್ಟು ಕೂತೆ.

"ರಿಕಾರ್ಡ್ ಭಾಳ ಚೊಲೊ ಬಂದದ ಸರ! ಕಿವಿ ಮಂದ ಆದ ಮ್ಯಾಲ ಮೊದಲ ಸಲ ಒಂದೊಂದು ಮಾತೂ ತಿಳೀತು. ಟೀಚರ್ ಖರೇನ ಹೇಳ್ಯಾರ ಬಿಡ್ರಿ, ನನ್ನ ಕಿವಿ ಹೋಗ್ಯಾವ."

"ಮತ್ತ... ಹಾಡು?"

"ಯಾವ ಹಾಡು?" ಎಂದರು ವಿರೂಪಣ್ಣ. ಆಮೇಲೆ ಸುನಂದಾಳ ಕಡೆ ತಿರುಗಿ, "ಓಣ್ಯಾಗ ಎಲ್ಲಾರೂ ಭಲೆ ಅಂದ್ರವ್ವಾ. ಶ್ರಾವಣ ಮುಗಿಯೋ ತನಕ ಮುಂಜಾನಿ ನೀವೇ ನಾಲ್ಕು ಒಳ್ಳೇ ಮಾತು ಹೇಳ್ರಿ" ಎಂದು ಕೈ ಮುಗಿದರು.

ಓಣಿಯವರು ಭಲೆ ಅಂದದ್ದರಿಂದ ಒಪ್ಪಂದದಂತೆ ಅಕ್ಕಿ ಚೀಲ ಹೊರಗೇ ಉಳಿಯಿತು. ಕೋಣೆ ಮಾತ್ರ ಭಲೆ ಅನ್ನಿಸಿಕೊಂಡವರ ಪಾಲಾಯಿತು. ಈಗ ಸುನಂದಾ ಹೆಸರಿರುವ ಕಡೆ ಕೂತು ಮಾತಾಡುತ್ತಾಳೆ. ನಾನು ವಿಭೂತಿಯ ಕಡೆ ಕೂತು ಲ್ಯಾಪ್‌ಟಾಪಿನ ಗುಂಡಿ ಒತ್ತುತ್ತೇನೆ. ನಿನ್ನೆ ನಡುವೆ ಗಂಟಲು ಕೆರೆದು ಒಂದೇ ಒಂದು ಸಲ ಕೆಮ್ಮಿದೆ. ಅವಳು ಮಾತು ನಿಲ್ಲಿಸಿ, ಮೈಕಿನ ಮೇಲಿಂದ ನನ್ನನ್ನು ದಿಟ್ಟಿಸಿ, ತುಟಿಗೆ ಬೆರಳಿಟ್ಟು, "ಶ್..." ಎಂದಳು.