ರವಿಕೆ ಕಣಗಳ ದ್ವಾರಕಾ ಪ್ರದಕ್ಷಿಣೆ

ಮಕ್ಕಳಿಗೆ ದುಡ್ಡಿನ ಬೆಲೆ ಕಲಿಸಲು ಹೊರಟ ಶಾಲೆಯವರು ಹೆತ್ತವರ ಮಾನದ ಬೆಲೆಯನ್ನೂ ಒಂಚೂರು ವಿಚಾರಿಸಿಕೊಳ್ಳಬಾರದೆ? ಪದ್ಮಾಳ ದೂರು ಇಷ್ಟೇ. ಹತ್ತನೇ ಕ್ಲಾಸಿನ ಮಗಳು ತನ್ವಿಗೆ ಆ ವರ್ಷ ‘ಮನೆಯ ಹಣಕಾಸು’ ಎಂಬ ಪ್ರಾಜೆಕ್ಟ್ ಗಂಟುಬಿತ್ತು. ವಿಷಯವನ್ನು ಮಕ್ಕಳೇ ಆರಿಸಿಕೊಳ್ಳಬೇಕಂತೆ. (ಬೆಳಗಿನ ತಿಂಡಿಗೆ ಏನು ಬೇಕೆಂದು ಆರಿಸಿಕೊಳ್ಳಲು ಈ ಹುಡುಗಿಗೆ ಅರ್ಧ ಗಂಟೆ ಬೇಕು!) ಪೋಸ್ಟಾಫೀಸಿನ ಆರ್.ಡಿ. ಬಗ್ಗೆ ಬರಿ ಎಂದರು ಸರ್ಕಾರಿ ಅಧಿಕಾರಿಯಾದ ಅಪ್ಪ ಅಶ್ವತ್ಥನಾರಾಯಣ. ಚಿನ್ನದ ಬಗ್ಗೆ ಬರಿ ಎಂದಳು ಪದ್ಮಾ.

“ಬೋರಿಂಗ್! ನಾನು ಬ್ಲೌಸ್ ಪೀಸ್ ಮೇಲೆ ಮಾಡ್ತೀನಿ.”

“ಏನಂದೆ?”

“ಅಮ್ಮಾ, ನಿನ್ನ ಅಲ್ಮಾರೀಲಿ ನೂರಾ ನಲವತ್ತಮೂರು ಇದೆ. ಮೈನೇ ಗಿನ್ ಲಿಯಾ. ಕುಂಕುಮಕ್ಕೆ ಹೋದಾಗ ಆಂಟೀಸ್ ನಿಂಗೆ ಕೊಡ್ತಾರೆ, ನೀನು ಅವ್ರಿಗೆ ಕೊಡ್ತೀಯ. ಯಾರೂ ಹೊಲಿಸಲ್ಲ. ಬಿಲ್ಕುಲ್ ಕರೆನ್ಸಿ ಥರ, ಯಾರ್!”

ಹೆತ್ತ ತಾಯಿಯನ್ನು ‘ಯಾರ್’ ಎನ್ನುವ ಸಂತಾನ! ಪದ್ಮಾ ಕಡ್ಡಿ ಮುರಿದಂತೆ ‘ಕೂಡದು’ ಎಂದಳು. ಕಾರಣವಿತ್ತು. ದೀಪಾವಳಿ ಕಳೆದ ಮೇಲೆ ದೆಹಲಿಯ ದ್ವಾರಕಾ ಬಡಾವಣೆಯ ಕನ್ನಡ ಮಹಿಳಾ ಮಂಡಲಿಗೆ ಹೊಸ ಕಾರ್ಯದರ್ಶಿ ಬರಬೇಕಿತ್ತು. ಆರಿಸುವವರು ಅಧ್ಯಕ್ಷೆ ಇಂದಿರಮ್ಮನವರು. ಆ ಪದವಿಗಾಗಿ ಪದ್ಮಾ ಎರಡು ವರ್ಷದಿಂದ ಮಂಡಲಿಯ ಸಮಸ್ತ ಸಮಾರಂಭಗಳಿಗೂ ಕೋಸಂಬರಿ ಕಲಸಿ ಕಲಸಿ ಕೈ ಸೋತಿದ್ದಳು. ಎದುರಾಳಿಯೆಂದರೆ ಪಕ್ಕದ ಬ್ಲಾಕಿನ ಲೀಲಾವತಿ ಒಬ್ಬಳೇ. ಇಂಥ ಹೊತ್ತಿನಲ್ಲಿ ಅಲ್ಮಾರಿಯ ಗುಟ್ಟು ಬೀದಿಗೆ ಬಂದರೆ?

ಆದರೆ ದೆಹಲಿಯಲ್ಲಿ ಬೆಳೆದ ಮಕ್ಕಳಿಗೆ ‘ಕೂಡದು’ ಎಂಬ ಕನ್ನಡ ಅರ್ಥವಾಗುವುದಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಪದ್ಮಾ ಇಪ್ಪತ್ತೊಂದು ಮುತ್ತೈದೆಯರಿಗೆ ರವಿಕೆ ಕಣ ಕೊಟ್ಟಳು. ನವರಾತ್ರಿಯಲ್ಲಿ ಲೀಲಾವತಿಯ ಮನೆಯ ಗೊಂಬೆ ನೋಡಿಕೊಂಡು ಗಿಳಿಹಸಿರು ಕಣದೊಂದಿಗೆ ಹಿಂತಿರುಗಿದಾಗ ತನ್ವಿ ಅದನ್ನು ಕಿತ್ತುಕೊಂಡು ಮೂಲೆ ಮಗುಚಿ ನೋಡಿ ಕಿರುಚಿದಳು.

“ನಂಬರ್ ಸೆವೆಂಟೀನ್! ವಾಪಸ್ ಆ ಗಯಾ!”

ಹಬ್ಬಕ್ಕೆ ಮೊದಲೇ ಎಲ್ಲ ಕಣಗಳ ಮೂಲೆಯಲ್ಲೂ ಪೆನ್ನಿನಿಂದ ಸಣ್ಣಗೆ ನಂಬರ್ ಹಾಕಿಟ್ಟಿದ್ದಳು, ಮಹಾತಾಯಿ!

“ಮುತ್ತೈದೇರಿಗೆ ಕೊಡೋದ್ರ ಮೇಲೆ ಗೀಚಿದ್ಯಾ? ನಿನ್ನ ಪ್ರಾಜೆಕ್ಟಿಗಿಷ್ಟು ಬೆಂಕಿ ಹಾಕ!” ಪದ್ಮಾ ಹತ್ತು ನಿಮಿಷ ಬೈದಳು. ಹನ್ನೊಂದನೆಯ ನಿಮಿಷಕ್ಕೆ ಗಕ್ಕನೆ ನಿಂತಳು. “ತಾಳು ತಾಳು. ಈ ಗಿಳಿಹಸಿರನ್ನ ಹಬ್ಬದಲ್ಲಿ ನಾನು ಸುಮಿತ್ರಾಗಲ್ವಾ ಕೊಟ್ಟಿದ್ದು? ಲೀಲಾವತಿ ಹತ್ರ ಹೆಂಗ್ ಬಂತು?”

ಅಲ್ಲಿಗೆ ಮುಗಿಯಿತು. ಮಿಕ್ಕ ನವರಾತ್ರಿ ಪೂರ್ತಿ ಪದ್ಮಾಗೆ ಯಾವ ಮನೆಯ ಗೊಂಬೆಯೂ ಕಣ್ಣಿಗೆ ಬೀಳಲಿಲ್ಲ. ಕುಂಕುಮ ಇಟ್ಟುಕೊಂಡವಳೇ ಮನೆಗೆ ಓಡಿಬಂದು, ಚಪ್ಪಲಿ ಬಿಡುವ ಮುಂಚೆಯೇ ಮೂಲೆ ಮಗುಚುತ್ತಿದ್ದಳು. ಇಪ್ಪತ್ತೊಂದರಲ್ಲಿ ಒಂಬತ್ತು ಕಣಗಳು ದ್ವಾರಕಾ ಪ್ರದಕ್ಷಿಣೆ ಮುಗಿಸಿ ತವರು ಸೇರಿದವು.

“ಎಂಥಾ ಜಿಪುಣರು, ಛೀ! ಹೊಸದೊಂದು ತಗೊಳ್ಳೋಕೆ ಕೈ ಬರಲ್ವಲ್ಲ ಇವ್ರಿಗೆ!” ಎಂದು ಗಂಡನ ಮುಂದೆ ಗೊಣಗಿದಳು. ಗಂಡ ಪತ್ರಿಕೆಯಿಂದ ತಲೆಯೆತ್ತಲಿಲ್ಲ. (ಇಪ್ಪತ್ತು ವರ್ಷ ಸಂಸಾರ ಮಾಡಿದ ಬುದ್ಧಿವಂತ.)

ಪ್ರಾಜೆಕ್ಟ್ ಶಾಲೆಯ ಪ್ರದರ್ಶನಕ್ಕೆ ಆಯ್ಕೆಯಾಯಿತು. ಯಾರ ಹೆಸರೂ ಹೇಳಕೂಡದೆಂದು ಪದ್ಮಾ ಮಗಳಿಂದ ಆಣೆ ಹಾಕಿಸಿಕೊಂಡಳು. ಚಾರ್ಟನ್ನೂ ತಪಾಸಣೆ ಮಾಡಿದಳು. ಹೌಸ್ ಎ, ಹೌಸ್ ಬಿ, ಅಷ್ಟೇ. ಆ ಧೈರ್ಯದ ಮೇಲೆ ಇಂದಿರಮ್ಮನವರನ್ನೇ ಕರೆದುಕೊಂಡು ಹೋದಳು. ಇಂಥ ಮಗಳನ್ನು ಹೆತ್ತವಳಲ್ಲದೆ ಇನ್ನಾರು ಕಾರ್ಯದರ್ಶಿಯಾಗಬೇಕು?

ತೀರ್ಪುಗಾರರು ಚಾರ್ಟ್ ನೋಡಿ ಹಿಂದಿಯಲ್ಲಿ ಕೇಳಿದರು, ಇದರಲ್ಲಿ ಎಲ್ಲರಿಗಿಂತ ಲಾಭ ಯಾರಿಗೆ?

“ಹೌಸ್ ಎ, ಸರ್! ಏಳು ವರ್ಷದಲ್ಲಿ ಒಂದು ಪೀಸೂ ಖರೀದಿ ಮಾಡಿಲ್ಲ. ಆಂಟಿಯರು ಕೊಟ್ಟಿದ್ದನ್ನೇ ಆಂಟಿಯರಿಗೆ ಕೊಡೋದು. ಆದ್ರೂ ಸ್ಟಾಕ್ ಬೆಳೀತಾನೇ ಇದೆ!”

“ಶಾಬಾಶ್! ಯಾರ ಮನೆಯಮ್ಮಾ ಅದು?”

“ಹಮಾರಾ ಘರ್, ಸರ್!”

ಹಾಲ್ ಪೂರ್ತಿ ಚಪ್ಪಾಳೆ ತಟ್ಟಿತು. ಇಂದಿರಮ್ಮನವರು ಮಾತ್ರ ಕನ್ನಡಕ ಸರಿಮಾಡಿಕೊಂಡು ಚಾರ್ಟನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಪದ್ಮಾಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

“ಬೇರೆಯವ್ರ ಹೆಸರು ತಾನೇ ಹೇಳಬಾರ್ದು? ನಾವು ಬೇರೆಯವ್ರಾ?” ಎಂದು ತನ್ವಿ ಆಟೋದಲ್ಲಿ ವಾದ ಮಾಡಿದಳು. ಮೊದಲ ಬಹುಮಾನದ ಕಪ್ ಪದ್ಮಾಳ ತೊಡೆಯ ಮೇಲೇ ಕುಣಿಯುತ್ತಿತ್ತು.

ತುಳಸಿ ಪೂಜೆಯ ದಿನ ಇಂದಿರಮ್ಮನವರ ಮನೆಯಲ್ಲಿ ಕಾರ್ಯದರ್ಶಿಯ ಹೆಸರು ಹೊರಬಿತ್ತು. ಲೀಲಾವತಿ. ಪದ್ಮಾ ಹಲ್ಲು ಕಚ್ಚಿಕೊಂಡು ನಕ್ಕಳು. ಹೋಗಲಿ, ಮರ್ಯಾದೆಯಿಂದ ಕುಂಕುಮ ತೆಗೆದುಕೊಂಡು ಜಾಗ ಖಾಲಿ ಮಾಡೋಣವೆಂದು ಸೆರಗೊಡ್ಡಿದಳು. ಮಿಕ್ಕವರಿಗೆಲ್ಲ ತೆಂಗಿನಕಾಯಿ, ಎಲೆ ಅಡಿಕೆ, ಒಂದೊಂದು ಕಣ. ಇವಳ ಸೆರಗಿಗೆ ಬಿದ್ದದ್ದು ಹುಕ್ಕು, ತೋಳು, ಲೈನಿಂಗ್ ಸಮೇತ ಹೊಲಿದು ಇಸ್ತ್ರಿ ಮಾಡಿದ ಸಾಸಿವೆ ಬಣ್ಣದ ರವಿಕೆ.

“ನಿಮ್ಮ ಟೈಲರ್ ಮಾಸ್ಟರ್‌ಜೀ ಹತ್ರಾನೇ ಹೊಲಿಸ್ದೆ ಪದ್ಮಾ, ಅಳತೆ ಅವನ ಬುಕ್ಕಲ್ಲೇ ಇತ್ತು,” ಎಂದರು ಇಂದಿರಮ್ಮ ಬಹಳ ಪ್ರೀತಿಯಿಂದ. “ಬೇರೆ ಯಾರಿಗೂ ಆಗಲ್ಲ. ನೀವೇ ಹಾಕ್ಕೋಬೇಕು.”